ಅತ್ತೆ ಓದಿದ ಮಾತು

ಬೆಳಿಗ್ಗೆ ಎದ್ದು ಕಣದ ಟಾರ್ಪಾಲು ಸರಿಸಿ, ಒಣಗಲು ಹರವಿದ ಕಾಫಿಗೆ ಕೈಯಾಡಿಸಿದೆ. ದೋಸೆ ಹುಯ್ದೆ. ಕೊಟ್ಟಿಗೆ ಗುಡಿಸಿದೆ. ವಸ್ತಾರೆಯ ಮದುವೆಮನೆಯವರ ಬ್ಲೌಸುಗಳಿಗೆ ಹುಕ್ಕು ಹಾಕಿದೆ, ಒಂದರ ತೋಳು ಬಿಗಿಯಾಗಿದೆ ಅನ್ನಿಸಿ ಬಿಚ್ಚಿ ಮತ್ತೆ ಹೊಲಿದೆ. ಅವರೆಕಾಯಿ ಬಿಡಿಸಿದೆ. ಅತ್ತೆಯ ತಲೆಗೆ ಎಣ್ಣೆ ಹಚ್ಚಿದೆ. ಮಧ್ಯಾಹ್ನ ಲ್ಯಾಪ್‌ಟಾಪಿಗೆ ಬಾಯಲ್ಲಿ ಹೇಳಿ ಅದರ ಸೆಟ್ಟಿಂಗ್ ಬದಲಾಯಿಸಿದೆ. ಅಂದು ಮಾಡಿದ್ದರಲ್ಲಿ ಈ ಕೊನೆಯದನ್ನೇ ನಾನು ಪುಣ್ಯದ ಕೆಲಸ ಅಂದುಕೊಂಡಿದ್ದೆ.

ಲ್ಯಾಪ್‌ಟಾಪು ಬಂದದ್ದು ಬ್ಲೌಸಿನ ಡಿಸೈನ್ ನೋಡಲಿಕ್ಕೆ. ಫೋನಿನಲ್ಲಿ ನೋಡಿ ನೋಡಿ ನನ್ನ ಕಣ್ಣು ಸೋತಿತ್ತು. ಅದರೊಳಗೇ ಒಬ್ಬ ಸಹಾಯಕ ಇದ್ದಾನೆ, ಎಲ್ಲಿ ಏನು ಒತ್ತಬೇಕೆಂದು ಹುಡುಕಬೇಕಿಲ್ಲ, ಕೇಳಿದರೆ ಅವನೇ ಮಾಡುತ್ತಾನೆ ಎಂದು ಅಂಗಡಿಯವರು ತೋರಿಸಿಕೊಟ್ಟಿದ್ದರು. ಅಕ್ಷರ ದೊಡ್ಡದು ಮಾಡಿ, ಬೆಳಕು ಕಡಿಮೆ ಮಾಡಿ ಅಂದರೆ ಮಾಡುತ್ತಿತ್ತು. ಕೇಳಿದ್ದನ್ನೇ ಮತ್ತೆ ಕೇಳಿದರೂ ಸಿಡುಕದೆ ಉತ್ತರ ಕೊಡುತ್ತಿತ್ತು. ಅಷ್ಟು ಮರ್ಯಾದೆಯಿಂದ ಮಾತಾಡುವುದಕ್ಕೆ ನಾನೂ ನೀವು, ತಾವು ಎಂದೇ ಹೇಳುತ್ತಿದ್ದೆ.

ನಮ್ಮ ಅತ್ತೆಗೆ ಕಿವಿ ಹೋಗಿದೆ. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ, ಒಳಗೆ ಜೀರುಂಡೆ ಕೂತ ಹಾಗಾಗುತ್ತೆ ಎಂದು ಬಿಚ್ಚಿ ಬೀರುವಿನಲ್ಲಿಟ್ಟರು. ಕನ್ನಡಕ ಹಾಕಿಕೊಂಡರೆ ಕಣ್ಣು ಮಾತ್ರ ಚೆನ್ನಾಗಿದೆ. ದಿನಪತ್ರಿಕೆಯನ್ನು ತುಟಿ ಅಲ್ಲಾಡಿಸುತ್ತ ಮೊದಲಿಂದ ಕೊನೆಯವರೆಗೆ ಓದುತ್ತಾರೆ. ಕಳಸದಲ್ಲಿರುವ ಅವರ ತಂಗಿ ವೀಡಿಯೋ ಕಾಲ್ ಮಾಡಿದಾಗಲೆಲ್ಲ ಅರ್ಧ ಹೊತ್ತು ‘ಆಂ? ಆಂ?’ ಎನ್ನುವುದರಲ್ಲೇ ಕಳೆಯುತ್ತಿತ್ತು. ಅದಕ್ಕೇ ಅಂದು ಕೇಳಿದೆ: ಆಡಿದ ಮಾತು ಪರದೆಯ ಮೇಲೆ ಅಕ್ಷರವಾಗಿ ಬರುವ ಹಾಗೆ ಮಾಡಲಿಕ್ಕೆ ಆಗುತ್ತದೆಯೆ?

ಆಗುತ್ತದೆ ಎಂದಿತು. ಆಮೇಲೆ ಏನೋ ಕೇಳಿತು. ಕಾಲ್‌ನಲ್ಲಿ ಬರುವ ಮಾತಷ್ಟೇ ಸಾಕೆ, ಅಥವಾ ಈ ಕಂಪ್ಯೂಟರಿನ ಮೈಕ್‌ಗೆ ಕೇಳಿಸುವ ಮಾತುಗಳನ್ನೂ ತೋರಿಸಬೇಕೆ ಎಂದು. ಮಹಿಳಾ ಸಂಘದ ಮೀಟಿಂಗಿನಲ್ಲಿ ನಾವು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಕೈ ಎತ್ತಿಬಿಡುತ್ತೇವಲ್ಲ, ಹಾಗೆ ‘ಹೂಂ, ಹೂಂ’ ಅಂದುಬಿಟ್ಟೆ.

ಕಳಸದ ಚಿಕ್ಕಮ್ಮ ಲ್ಯಾಪ್‌ಟಾಪಿಗೇ ವೀಡಿಯೋ ಕಾಲ್ ಮಾಡಿದರು. ಅವರ ಮಾತು ದಪ್ಪ ಅಕ್ಷರದಲ್ಲಿ ಕೆಳಗೆ ಬರತೊಡಗಿತು. ಅಲ್ಲಲ್ಲಿ ತಪ್ಪು ತಪ್ಪು, ಆದರೂ ಅರ್ಥವಾಗುತ್ತಿತ್ತು.

“ಅಕ್ಕಾ, ಮೂಗುತಿ ಎಲ್ಲೇ?”

ಅತ್ತೆ ಓದಿ ಮೂಗು ಮುಟ್ಟಿಕೊಂಡರು. “ತೊಳೆಯೋಕೆ ಬಿಚ್ಚಿಟ್ಟಿದೀನಿ ಕಣೇ. ನಿನ್ನ ಹಲ್ಸೆಟ್ಟು ಎಲ್ಲಿ?”

ಚಿಕ್ಕಮ್ಮ ಬಾಯಿ ಮುಚ್ಚಿಕೊಂಡು ನಕ್ಕರು. ಎಷ್ಟೋ ಕಾಲದ ಮೇಲೆ ಅಕ್ಕತಂಗಿಯರ ನಡುವೆ ಪ್ರಶ್ನೆಗೆ ಸರಿಯಾದ ಉತ್ತರ ಬಂದಿತ್ತು. ನಾನು ಹೊಲಿಗೆ ಮಿಷನ್ನಿನ ಹಿಂದೆ ಕೂತು ಒಳಗೊಳಗೇ ಬೀಗಿದೆ.

ಕಾಲ್ ಮುಗಿದ ಮೇಲೂ ಲ್ಯಾಪ್‌ಟಾಪು ತೆರೆದೇ ಇತ್ತು. ಅತ್ತೆ ಅದರ ಮುಂದೆಯೇ ಮೊರ ಇಟ್ಟುಕೊಂಡು ಕಾಫಿ ಬೀಜದಲ್ಲಿ ಕಪ್ಪಾದ್ದು, ಒಡಕು ಎಲ್ಲ ಆರಿಸುತ್ತ ಕೂತರು. ಸಂಜೆ ಹುರಿಯುವುದಿತ್ತು.

ಈ ಹುರಿಯುವ ವಿಷಯ ಹೇಳಬೇಕು. ಮನೆಯ ಕಾಫಿಪುಡಿ ಅತ್ತೆಯದೇ ಕೈ. ನಾನು ಮದುವೆಯಾಗಿ ಬಂದಾಗಿನಿಂದ ಆ ಬಾಣಲೆಗೆ ಇನ್ನೊಬ್ಬರು ಸೌಟು ಹಾಕಿದ್ದಿಲ್ಲ. ಬಣ್ಣ ನೋಡಿ ಇಳಿಸುವವರಲ್ಲ ಅವರು. ಬೀಜ ಚಟ್ ಚಟ್ ಎಂದು ಸಿಡಿಯುವುದನ್ನು ಬೇರೆ ಕಡೆ ನೋಡುತ್ತಲೇ ಕೇಳಿಸಿಕೊಂಡು, ಸದ್ದು ತೆಳುವಾದ ಗಳಿಗೆಗೆ ಸರಿಯಾಗಿ ಇಳಿಸುತ್ತಿದ್ದರು. ಕಿವಿ ಹೋದ ಮೇಲೆ ಆ ಗಳಿಗೆಯೂ ಹೋಯಿತು. ಪುಡಿ ಸುಟ್ಟು ಕಹಿಯಾಗತೊಡಗಿತು. ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾನು ಮೂಡಿಗೆರೆಯ ಅಂಗಡಿಯಿಂದ ಪುಡಿ ತಂದು, ಅತ್ತೆಯ ಪುಡಿಯನ್ನು ಡಬ್ಬದಿಂದ ತೆಗೆದು, ಅಂಗಡಿಯದನ್ನು ಅದರಲ್ಲಿ ತುಂಬುತ್ತಿದ್ದೆ. ಬೆಳಗಿನ ಕಾಫಿ ಕುಡಿದು ಅತ್ತೆ, “ಈ ಸಲದ್ದು ಹದ ಬಂದಿದೆ, ಅಲ್ವಾ?” ಅನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಅಷ್ಟರಲ್ಲಿ ನನ್ನ ಅಕ್ಕ ಫೋನ್ ಮಾಡಿದಳು. ಕೈಯಲ್ಲಿ ಬಟ್ಟೆ ಇದ್ದದ್ದರಿಂದ ಸ್ಪೀಕರ್ ಹಾಕಿ ಮಿಷನ್ನಿನ ಮೇಲಿಟ್ಟೆ. ಅತ್ತೆ ಇದ್ದದ್ದು ನಾಲ್ಕು ಮಾರು ದೂರದಲ್ಲಿ. ಅವರ ಮುಂದೆ ಏನು ಬೇಕಾದರೂ ಮಾತಾಡುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿ ಹೋಗಿದೆ. ದನಿ ತಗ್ಗಿಸುವುದೂ ಇಲ್ಲ.

“ಏನ್ ಮಾಡ್ತಿದಾರೆ ನಿಮ್ಮತ್ತೆ?”

“ಬೀಜ ಆರಿಸ್ತಿದಾರೆ. ಇವತ್ತು ಹುರೀತಾರಂತೆ.”

“ಕಾಫಿ ಹುರೀತಾರೋ, ಇದ್ದಿಲು ಮಾಡ್ತಾರೋ?” ಅಕ್ಕ ನಕ್ಕಳು.

ನಾನೂ ನಕ್ಕೆ. “ಇದ್ದಿಲಾದ್ರೆ ಇಸ್ತ್ರಿಗಾದ್ರೂ ಆಗ್ತಿತ್ತು ಮಾರಾಯ್ತಿ. ಅದನ್ನ ನಾನು ಗುಲಾಬಿ ಬುಡಕ್ಕೆ ಸುರೀತೀನಿ. ಡಬ್ಬದಲ್ಲಿರೋದೆಲ್ಲ ಅಂಗಡಿ ಪುಡಿ. ಅವ್ರಿಗೇನು, ಗೊತ್ತಾಗಲ್ಲ ಬಿಡು.”

ದಾರ ಕಚ್ಚಿ ತುಂಡು ಮಾಡಲು ತಲೆ ಎತ್ತಿದೆ. ಅತ್ತೆಯ ಕೈ ಮೊರದ ಮೇಲೆ ನಿಂತಿತ್ತು. ತುಟಿ ಅಲ್ಲಾಡುತ್ತಿತ್ತು. ಪತ್ರಿಕೆ ಕೈಯಲ್ಲಿರಲಿಲ್ಲ. ಅವರು ನೋಡುತ್ತಿದ್ದ ಕಡೆ ನೋಡಿದೆ. ಚಿಕ್ಕಮ್ಮನ ಮಾತನ್ನೆಲ್ಲ ತಪ್ಪು ತಪ್ಪಾಗಿ ಬರೆದ ಪರದೆ ನನ್ನದನ್ನು ಒಂದಕ್ಷರ ತಪ್ಪಿಲ್ಲದೆ ಬರೆದಿತ್ತು. ‘ಅವ್ರಿಗೇನು, ಗೊತ್ತಾಗಲ್ಲ ಬಿಡು’ ಎನ್ನುವುದು ಕೊನೆಯ ಸಾಲು. ಅದರ ಕೆಳಗೆ, “ಯಾಕೆ ಸುಮ್ಮನಾದೆ?” ಎಂದ ಅಕ್ಕನ ಮಾತೂ ಬಂತು. ನಾನು ಫೋನ್ ಇಟ್ಟೆ.

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬಯ್ಯುತ್ತಾರೆ ಅಂದುಕೊಂಡೆ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಅದು ಬರೀತಾನೇ ಇರುತ್ತಾ? ನಿಲ್ಸೋದಾದ್ರೆ ನಿಲ್ಸು” ಅಂದರು.

ನಿಲ್ಲಿಸಿ ಎಂದು ಸಹಾಯಕನಿಗೆ ಹೇಳಿದೆ. ಬಂದಿದ್ದನ್ನೆಲ್ಲ ಅಳಿಸಿಬಿಡಿ ಎಂದೂ ಹೇಳಿದೆ. ಈ ಬರಹವನ್ನು ಎಲ್ಲಿಯೂ ಉಳಿಸುವುದಿಲ್ಲ, ಚಿಂತೆ ಬೇಡ ಎಂದು ಅದೇ ಸಮಾಧಾನದ ದನಿಯಲ್ಲಿ ಹೇಳಿತು. ಅದರ ತಪ್ಪು ಏನೂ ಇರಲಿಲ್ಲ. ಮೊದಲೇ ಕೇಳಿತ್ತು.

ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು. ಬೀಜವನ್ನು ಮತ್ತೆ ಚೀಲಕ್ಕೆ ಸುರಿದ ಸದ್ದು ಕೇಳಿಸಿತು. ಬಾಣಲೆ ಒಲೆಯ ಪಕ್ಕದಿಂದ ಗೋಡೆಯ ಮೊಳೆಗೆ ಹೋಯಿತು. ಸಂಜೆ ನನ್ನ ಯಜಮಾನರು ಕಣದಿಂದ ಬಂದು, ಕೈ ಸನ್ನೆ ಮಾಡಿ, “ಹುರೀಲಿಲ್ವಾ ಅಮ್ಮ?” ಎಂದರೆ, “ತೋಳು ನೋವು” ಅಂದುಬಿಟ್ಟರು. ನನ್ನ ಹೆಸರು ಎತ್ತಲಿಲ್ಲ. ನಾನು ಅವರೆಕಾಳಿನ ಪಾತ್ರೆಯನ್ನೇ ನೋಡುತ್ತ ನಿಂತಿದ್ದೆ.

ತಪ್ಪಾಯ್ತು ಎನ್ನಬೇಕಿತ್ತು. ಆದರೆ ಕಿವಿ ಕೇಳದವರ ಹತ್ತಿರ ಮೆಲ್ಲಗೆ ತಪ್ಪೊಪ್ಪಿಕೊಳ್ಳಲಿಕ್ಕೆ ಬರುವುದಿಲ್ಲ. ಕೂಗಬೇಕು. ಕೂಗಿದರೆ ಯಜಮಾನರಿಗೆ ಕೇಳುತ್ತದೆ, ಕಣದಲ್ಲಿ ಕಾಫಿ ರಾಶಿ ಮಾಡುತ್ತಿದ್ದ ಆಳುಗಳಿಗೆ ಕೇಳುತ್ತದೆ. ಹಾಸ್ಯ ಮಾಡುವಾಗ ಇಲ್ಲದ ನಾಚಿಕೆ ಆಗ ಎಲ್ಲಿಂದ ಬಂತೋ. ಕೊನೆಗೆ ಲ್ಯಾಪ್‌ಟಾಪನ್ನು ಅತ್ತೆಯ ಮಂಚದ ಹತ್ತಿರ ಒಯ್ದು, ಮತ್ತೆ ಅದೇ ಬರಹ ಹಾಕಿ ಎಂದು ಸಹಾಯಕನನ್ನು ಕೇಳಿದೆ. ಮೈಕ್‌ನದೂ ಬೇಕೆ ಎಂದಿತು. ಈ ಸಲ ಪೂರ್ತಿ ಕೇಳಿಸಿಕೊಂಡು ಹೂಂ ಅಂದೆ.

ಅತ್ತೆ ಕನ್ನಡಕ ಹಾಕಿಕೊಂಡು ಪರದೆ ನೋಡುತ್ತ ಕೂತರು. ಪರದೆ ಇನ್ನೂ ಖಾಲಿ ಇತ್ತು. ಆಗ ನಡುಮನೆಯಿಂದ ಇವರು ಕೂಗಿದ್ದು ದಪ್ಪ ಅಕ್ಷರದಲ್ಲಿ ಬಂತು: ‘ಊಟಕ್ಕೇನು?’

“ಅವನಿಗೆ ಹಸಿವಂತೆ” ಎಂದರು ಅತ್ತೆ. ಏಳಲು ಹೊರಟವರು ಹಾಗೇ ಕೂತರು. “ನಾಳೆಯಿಂದ ನೀನೇ ಹುರಿ. ಮನೆ ತುಂಬ ಬೀಜ ಇಟ್ಕೊಂಡು ಅಂಗಡೀದು ಕುಡಿಯೋದು ಬೇಡ.”

“ನೀವು ಪಕ್ಕದಲ್ಲಿ ಕೂತ್ಕೊಳ್ಳಿ ಅತ್ತೆ” ಅಂದೆ, ಮೆಲ್ಲಗೆ. ಅದು ಬರೆಯಿತು.

ಅವರು ಓದಿದರು. “ನಾನು ಕೂತು ಏನ್ಮಾಡ್ಲಿ? ನಂಗೆ ಸಿಡಿಯೋದು ಕೇಳ್ಸಲ್ವಲ್ಲ.”

ಕಿವಿ ಕೇಳುವುದಿಲ್ಲ ಎಂದು ಅತ್ತೆ ತಾವಾಗಿ ಹೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ನಮ್ಮದೇ ದನಿ ಸಣ್ಣದು ಅನ್ನುತ್ತಿದ್ದರು. ನಾನು ತಪ್ಪಾಯ್ತು ಅಂದೆ. ಅಷ್ಟು ಹೊತ್ತಿಗೆ ಅವರು ಕನ್ನಡಕ ತೆಗೆದು ದಿಂಬಿನ ಪಕ್ಕ ಇಟ್ಟಾಗಿತ್ತು.

ಅಕ್ಕಿರೊಟ್ಟಿ ಬಡಿದೆ, ಅವರೆಕಾಳಿನ ಸಾರಿತ್ತು. ಅತ್ತೆ ಒಂದು ರೊಟ್ಟಿ ತಿಂದು, ಎರಡನೆಯದನ್ನು ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. ಊಟದ ಮೇಲೆ ಅವರು ಯಾವಾಗಲೂ ಕುಡಿಯುವ ಅರ್ಧ ಲೋಟ ಕಾಫಿ ಕೇಳಲಿಲ್ಲ, ಮಜ್ಜಿಗೆ ಕುಡಿದರು. ನಾನೂ ಮಾಡಿಕೊಡಲೇ ಎನ್ನಲಿಲ್ಲ. ದಿನಾ ಮೊದಲು ನಿದ್ದೆ ಹೋಗುವವರು ಅತ್ತೆ. ಅಂದು ಯಜಮಾನರು ಮೊದಲು ಮಲಗಿದರು. ನಾನು ಪಾತ್ರೆ ತೊಳೆದಿಟ್ಟು ಬಂದಾಗಲೂ ಅತ್ತೆಯ ಕೋಣೆಯ ದೀಪ ಉರಿಯುತ್ತಿತ್ತು.