ಬಾಣಂತಿ ಕೋಣೆಗೆ ಬಂದ ಲೇಖಕಿ

ಬಹಳ ವರ್ಷಗಳ ಹಿಂದೆ, ಆ ದಿನ ಮಧ್ಯಾಹ್ನ ಎರಡೂವರೆಗೆ ನನಗೆ ತಲೆನೋವು ಶುರುವಾಯಿತು. ಹುಣಸೂರು ಬಸ್ಸು ಆಗಷ್ಟೇ ಹಾರ್ನ್ ಹೊಡೆದು ಹೋಗಿತ್ತು, ಅದಕ್ಕೇ ಹೊತ್ತು ನೆನಪಿದೆ. ಹೋದ ವಾರ ನೆಂಟರ ಮನೆಯಲ್ಲಿ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿದಾಗ ಆ ದಿನವೆಲ್ಲ ಮರಳಿ ನೆನಪಿಗೆ ಬಂತು. ಯಾರನ್ನೂ ಕೇಳದೆ ಎದ್ದು ಹೋಗಿ ಕಿಟಕಿ ತೆರೆದೆ. ಎಲ್ಲರೂ ನನ್ನನ್ನೇ ನೋಡಿದರು...

ತೊಂಬತ್ತರ ದಶಕದ ಕೊನೆ. ಬಿಳಿಕೆರೆ ಹತ್ತಿರದ ತವರಿನಲ್ಲಿ ಮೊದಲ ಬಾಣಂತನ. ಗೋಡೆಯಾಚೆಯ ಬಾಡಿಗೆ ಮನೆಯಲ್ಲಿ ಕಾಲೇಜಿನ ವಿಜ್ಞಾನದ ಮೇಡಂ ಒಬ್ಬರೇ ಇದ್ದರು. ಪುಸ್ತಕ ಬರೆಯುತ್ತಿದ್ದರು. ಮಿಕ್ಸಿ ಬಂದ ಮೇಲೆ ಒರಳಿನ ಮುಂದೆ ಅತ್ತೆ ಸೊಸೆ ಆಡುತ್ತಿದ್ದ ಮಾತು ಎಲ್ಲಿ ಹೋಯಿತು, ಫೋನು ಬಂದ ಮನೆಯಲ್ಲಿ ಕಾಗದಕ್ಕೆ ಕಾಯುತ್ತಿದ್ದವರು ಏನಾದರು, ಇಂಥವೇ ಅವರ ವಿಷಯ. ಬಿ.ಎಸ್ಸಿ. ಓದಿದ್ದ ನಾನು ಅವರು ಬರೆದದ್ದೆಲ್ಲವನ್ನೂ ಓದಿದ್ದೆ. ಆದರೆ ಗಂಡ ತೀರಿಕೊಂಡವರೆಂದು ಅವರನ್ನು ಬಾಣಂತಿ ಕೋಣೆಗೆ ಕರೆಯುತ್ತಿರಲಿಲ್ಲ. ಹೊಸ್ತಿಲಾಚೆ ನಿಂತೇ ಮಗುವನ್ನು ನೋಡಿ ಹೋಗುತ್ತಿದ್ದರು.

ಅವತ್ತು ಜಡಿಮಳೆ, ಕೊರೆಯುವ ಗಾಳಿ. ಅಡುಗೆ ಒಲೆಯ ಕೆಂಡ ಸಾಲದೆಂದು ಅವ್ವ ಹೊಗೆಸೊಪ್ಪನ್ನು ಶಾಖದಲ್ಲಿ ಬೇಯಿಸುವ ಮನೆಯಾದ ಬ್ಯಾರನ್ನಿನ ಒಲೆಯಿಂದ ಬಾಂಡ್ಲಿ ತುಂಬ ಕೆಂಡ ತಂದು ನನ್ನ ಮಂಚದ ಕೆಳಗಿಟ್ಟಳು. ಕಿಟಕಿಗೆ ಗೋಣಿತಾಟು ತುರುಕಿ ಬಾಗಿಲೆಳೆದುಕೊಂಡಳು. ಬೆಳಗಿನಿಂದ ಅಳುತ್ತಿದ್ದ ಮಗು ಸ್ವಲ್ಪ ಹೊತ್ತಿಗೆ ಸುಮ್ಮನಾಯಿತು. ನನಗೂ ಹಾಯೆನಿಸಿತು. ಆಮೇಲೆ ತಲೆನೋವು, ವಾಕರಿಕೆ. ಏಳಲು ಹೋದರೆ ಕಾಲು ನನ್ನದಾಗಿರಲಿಲ್ಲ.

ಹೊರಗೆ ಮೇಡಂ ದನಿ ಕೇಳಿಸಿತು. "ಮಗು ಯಾಕಮ್ಮಾ ಅಳ್ತಿಲ್ಲ?"

"ಬೆಚ್ಗೆ ಮಲ್ಗದೆ ಕಣ್ರವ್ವ. ಅವ್ಳೂ ಮಲ್ಗವ್ಳೆ. ಬ್ಯಾರನ್ ಕೆಂಡ ಮಡಗಿವ್ನಿ."

"ಕಿಟಕಿ ತೆಗೆದಿದೀರಾ?"

"ಈ ಗಾಳೀಲಾ? ಚೆನ್ನಾಗ್ ಕೇಳುದ್ರಿ ಬುಡಿ!"

ನಾನು ಕೂಗಬೇಕೆಂದುಕೊಂಡೆ. ನಾಲಿಗೆ ಏಳಲಿಲ್ಲ... ಬಾಗಿಲು ದಡಾರನೆ ತೆರೆಯಿತು. ಮೇಡಂ ಮಗುವನ್ನು ಎತ್ತಿಕೊಂಡು ಮಳೆ ಬೀಳುವ ಅಂಗಳಕ್ಕೆ ಓಡಿದರು. "ಅಯ್ಯೋ, ಮಗೀಗೆ ಸೀತ ಆಯ್ತದೆ, ಕೊಡ್ರವ್ವ!" ಎಂದು ಅವ್ವ ಸೆರಗು ಹಿಡಿದು ಜಗ್ಗುತ್ತಿದ್ದಳು. ಮಗು ಜೋತುಬಿದ್ದಿತ್ತು. ಬೆನ್ನುಜ್ಜಿದರು, ಅಂಗಾಲು ತಟ್ಟಿದರು. ಕೊನೆಗೆ ಒಂದು ಸಣ್ಣ ಕೆಮ್ಮು, ಹಿಂದೆಯೇ ಅಳು. ನನ್ನನ್ನು ಯಾರು ಹೊರಗೆಳೆದರೋ ಗೊತ್ತಿಲ್ಲ. ಕೆಂಡದ ವಿಷಗಾಳಿಗೆ ವಾಸನೆಯೇ ಇರುವುದಿಲ್ಲವೆಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಾಗ ಅವ್ವ ಮಗುವಿನ ಹತ್ತಿರದಿಂದ ಎದ್ದು ಬಾಗಿಲಾಚೆ ಹೋಗಿ ನಿಂತಳು.

ಮನೆಗೆ ಬಂದ ಮೇಲೆ ಅವ್ವ ಮಗುವನ್ನು ಮುಟ್ಟಲಿಲ್ಲ. ನಾನು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟುಕೊಂಡೇ ರಾತ್ರಿಗಳನ್ನು ಕಳೆದೆ. ಅವ್ವನ ಮೇಲೆ ಸಿಟ್ಟಿರಲಿಲ್ಲ. ಹಾಗೆಂದು ಅವಳಿಗೆ ಹೇಳಲೂ ಆಗಲಿಲ್ಲ. ಒಂದೇ ಮನೆಯಲ್ಲಿ ಒಬ್ಬೊಬ್ಬರೇ ಆಗಿದ್ದೆವು.

ಮೇಡಂ ದಿನಾ ಸಂಜೆ ಬಂದು ನನ್ನ ಹತ್ತಿರವಲ್ಲ, ಅವ್ವನ ಹತ್ತಿರ ಕೂರುತ್ತಿದ್ದರು. ಒಂದು ದಿನ ಅವ್ವ ಕೇಳಿದಳು, "ನಿಮ್ ಬುಕ್ಕಲ್ಲಿ ನನ್ನ ಕೊಲೆಗಾತಿ ಅಂತ ಬರುದ್ಬುಟ್ಟೀರಾ?"

"ಬರೀತೀನಿ, ಮೊಮ್ಮಗಳು ಬೆಚ್ಚಗಿರಲಿ ಅಂತ ಮಳೇಲಿ ನೆನೆದು ಕೆಂಡ ತಂದೋಳು ಅಂತ. ಜೊತೆಗೆ ಕಿಟಕಿ ತೆಗೀಬೇಕು ಅಂತಾನೂ ಬರೀತೀನಿ. ಎರಡೂ ನಿಜ ತಾನೇ?"

ಅವ್ವ ಬಿಕ್ಕಿ ಬಿಕ್ಕಿ ಅತ್ತಳು. ಮೇಡಂ ಮಗುವನ್ನು ತಂದು ಅವಳ ಮಡಿಲಲ್ಲಿಟ್ಟರು. ಅವತ್ತು ಕಿಟಕಿ ತೆರೆದಿಟ್ಟು, ಮಗುವನ್ನು ನಡುವೆ ಮಲಗಿಸಿಕೊಂಡು, ಅವ್ವನೂ ನಾನೂ ಬೆಳಗಿನವರೆಗೆ ಎಚ್ಚರವಿಲ್ಲದೆ ನಿದ್ದೆ ಮಾಡಿದೆವು.

ಆ ಪುಸ್ತಕ ಬಂತು. ಕೆಂಡದ ಅಧ್ಯಾಯವೂ ಇತ್ತು. ಮುಂದೆ ಮೇಡಂ ಊರು ಬಿಟ್ಟರು, ಕಾಗದಗಳು ಕಡಿಮೆಯಾದವು... ಅವರು ತೀರಿಕೊಂಡದ್ದು ನನಗೆ ತಿಳಿದಾಗ ಬಹಳ ತಡವಾಗಿತ್ತು. ಅಷ್ಟರಲ್ಲಿ ಅವ್ವನೂ ಇರಲಿಲ್ಲ. ಅಂದು ಅವರು ಅಂಗಳಕ್ಕೆ ಎತ್ತಿಕೊಂಡು ಓಡಿದ್ದ ಮಗಳಿಗೇ ಈ ಸುದ್ದಿ ಹೇಳಿದೆ. "ಯಾರಮ್ಮ ಅವ್ರು?" ಎಂದು ಕೇಳಿದಳು.