ಒಲೆಯಟ್ಟದ ಮೇಲಿನ ಲಸಿಕೆ

1997ರ ಚಳಿಗಾಲ. ನಾನಾಗ ಭದ್ರಾವತಿ ತಾಲ್ಲೂಕಿನಲ್ಲಿ ಆರೋಗ್ಯ ಸಹಾಯಕಿ. ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ಬಸ್ಸು ಕಾಣದ ಗುಡ್ಡದ ಊರುಗಳೆಂದರೆ ನನಗೆ ಪ್ರಾಣ. ಉಳಿದವರು ಮೂಗು ಮುರಿಯುತ್ತಿದ್ದ ಊರುಗಳನ್ನು ನಾನೇ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಏದುಸಿರು ಬಿಟ್ಟು ಹತ್ತಿದ ಮೇಲೆ ಸಿಗುವ ಬೆಲ್ಲದ ಕಾಫಿ, ಹೆಸರು ಹಿಡಿದು ಕರೆಯುವ ಮಕ್ಕಳು, ಇವನ್ನು ಬಿಟ್ಟು ಆಫೀಸಿನಲ್ಲಿ ಕೂರುವುದು ನನ್ನಿಂದಾಗದು.

ಅಂದು ಪೋಲಿಯೊ ಹನಿ ಹಾಕುವ ದಿನ. ಲಸಿಕೆಯ ಸೀಸೆಗಳು ತಣ್ಣಗಿರಬೇಕು. ಬಿಸಿ ತಾಗಿದರೆ ಕೆಡುತ್ತವೆ. ಅದಕ್ಕೇ ಐಸ್ ತುಂಬಿದ ಪೆಟ್ಟಿಗೆ, ವ್ಯಾಕ್ಸಿನ್ ಕ್ಯಾರಿಯರ್. ಅದನ್ನು ಕೈಬಿಡಬಾರದು ಎಂಬುದು ನಿಯಮ. ಆದರೆ ದಿಬ್ಬಕ್ಕೊಂದು ಮನೆ, ಭುಜ ಸೋತಿತ್ತು. ಹೋದ ವರ್ಷದಂತೆಯೇ, ಊರಿಗೆ ನಾಟಿ ಮದ್ದು ಕೊಡುವ ಕೆಂಚಮ್ಮಜ್ಜಿಯ ಜಗಲಿಯಲ್ಲಿ ಪೆಟ್ಟಿಗೆಯಿಟ್ಟು, ಮಕ್ಕಳನ್ನು ಕರೆತರಲು ಹೊರಟೆ.

ಮಧ್ಯಾಹ್ನ ಒಂದು ಗಂಟೆಗೆ ಬಂದು ನೋಡಿದರೆ ಪೆಟ್ಟಿಗೆಯಲ್ಲಿ ಐಸ್ ಮಾತ್ರ ಇತ್ತು. ಸೀಸೆಗಳು ಒಳಗೆ, ಉರಿಯುವ ಒಲೆಯ ಮೇಲಿನ ಅಟ್ಟದಲ್ಲಿ, ಬೀಜದ ಕಾಳು, ನಾರುಬೇರುಗಳ ಪಕ್ಕ ಸಾಲಾಗಿ ಕುಳಿತಿದ್ದವು.

"ಮದ್ದಿಗೆ ತೇವ ಹಿಡಿದಿತ್ತು ನರ್ಸಮ್ಮ, ಕೆಟ್ಟೋಗುತ್ತೆ ಅಂತ ಒಣಗಾಕಿದೆ" ಎಂದರು ಅಜ್ಜಿ.

ನನ್ನ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ. ಆಮೇಲೆ ನೆನಪಾಯಿತು. ಅಂದು ಸಂಜೆಯೇ ಆ ಮನೆಗಳವರೆಲ್ಲ ಮಕ್ಕಳ ಸಮೇತ ಘಟ್ಟದ ಕಾಫಿ ತೋಟಗಳಿಗೆ ಕೆಲಸಕ್ಕೆ ಹೊರಡುವವರಿದ್ದರು. ಮತ್ತೆ ಸಿಗುವುದು ಯಾವಾಗಲೋ.

"ಮೂರೂವರೆ ಗಂಟೆ ಕೊಡಿ ಮೇಡಂ, ಬೇರೆ ತರ್ತೀನಿ" ಎಂದು, ನನ್ನನ್ನು ಕರೆತಂದಿದ್ದ ಡ್ರೈವರ್ ರಫೀಕ್ ಭದ್ರಾವತಿಯತ್ತ ಜೀಪು ಓಡಿಸಿದರು.

ನಾಲ್ಕಕ್ಕೇ ತೋಟದ ಲಾರಿ ಬಂತು. ಸಾಮಾನು ಹೇರಿದರು, ಮಕ್ಕಳನ್ನು ಹತ್ತಿಸಿದರು. ತೋಟದ ಮೇಸ್ತ್ರಿ ಗಡಿಯಾರ ನೋಡುತ್ತ, "ಇರೋದನ್ನೇ ಹಾಕಿ ಕಳಿಸ್ರಿ, ಯಾರಿಗೆ ಗೊತ್ತಾಗುತ್ತೆ?" ಎಂದ. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ನನ್ನ ಮನಸ್ಸೂ ಅಲುಗಿತು. ಲಾರಿ ಸ್ಟಾರ್ಟ್ ಆಯಿತು. ಕೆಂಚಮ್ಮಜ್ಜಿ ಹೋಗಿ ಅದರ ಮುಂದೆ ನೆಲದ ಮೇಲೆ ಕುಳಿತುಬಿಟ್ಟರು.

"ತಪ್ಪು ನಂದು. ಜೀಪು ಬರೋತನಕ ಏಳಲ್ಲ ಮಾರಾಯ, ಬೇಕಾದ್ರೆ ಮೇಲೆ ಹತ್ಸು."

ಮೇಸ್ತ್ರಿ ಕೂಗಾಡಿದ. ಅಜ್ಜಿ ಎಲೆ ಅಡಿಕೆ ತೆಗೆದು ಮೆಲ್ಲತೊಡಗಿದರು. ಐದಕ್ಕೆ ಹತ್ತು ನಿಮಿಷವಿದ್ದಾಗ ತಿರುವಿನಲ್ಲಿ ಜೀಪು ಕಾಣಿಸಿತು. ಲಾರಿಯನ್ನೇ ಹತ್ತಿ, ಅದರಲ್ಲಿದ್ದ ಹನ್ನೊಂದು ಮಕ್ಕಳಿಗೂ ಹನಿ ಹಾಕಿದೆ.

ಲಾರಿ ಹೋದ ಮೇಲೆ, ಬೈದದ್ದಕ್ಕೆ ಕ್ಷಮೆ ಕೇಳಿದೆ. ಅಜ್ಜಿ ನಕ್ಕರು.

"ಹೋದ ವರ್ಷ ನೀವು ಬರೋದ್ರೊಳಗೆ ಒಣಗಿಸಿ ವಾಪಸ್ ಪೆಟ್ಟಿಗೇಲಿ ಇಟ್ಟಿದ್ದೆ. ಈ ಸಲ ಬೇಗ ಬಂದುಬಿಟ್ರಿ."

ಹಳೆಯ ರಿಜಿಸ್ಟರು ಬಿಚ್ಚಿ ನೋಡಿದೆ. ಹೋದ ವರ್ಷ ನಾನು ಆ ಕೆಟ್ಟ ಹನಿ ಹಾಕಿ, ಅದರಲ್ಲಿ ಗುರುತು ಹಾಕಿಕೊಂಡ ಮಕ್ಕಳು ಒಂಬತ್ತು. ಅವರಲ್ಲಿ ಏಳು ಮಂದಿ ಅಂದಿನ ಲಾರಿಯಲ್ಲಿದ್ದರು. ಉಳಿದಿಬ್ಬರ ಮನೆಯವರು ಊರು ಬಿಟ್ಟು ತಿಂಗಳುಗಳಾಗಿದ್ದವು. ಮರುದಿನವೇ ವೈದ್ಯಾಧಿಕಾರಿಗಳ ಮುಂದೆ ನಿಂತು ಎಲ್ಲವನ್ನೂ ಹೇಳಿದೆ, ಬರೆದೂ ಕೊಟ್ಟೆ. ಊರೂರು ವಿಚಾರಿಸಿದೆ. ಆ ಇಬ್ಬರು ಸಿಗಲಿಲ್ಲ.

ಹೊತ್ತ ಭಾರವನ್ನು ಇನ್ನೊಬ್ಬರ ಜಗಲಿಯಲ್ಲಿಟ್ಟರೆ, ಅದರ ಜವಾಬ್ದಾರಿ ಇಳಿಯುವುದಿಲ್ಲ ಎಂದು ಈ ಕೆಲಸ ನನಗೆ ಕಲಿಸಿತು. ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು. ಕುಂಟುತ್ತ ನಡೆಯುವ ಯುವಕರು ಎದುರಾದರೆ ಇಂದಿಗೂ ನಿಲ್ಲಿಸಿ, ಯಾವ ಊರಪ್ಪಾ ಎಂದು ಕೇಳುತ್ತೇನೆ.