ಸರೋಜಮ್ಮ ನೋಡಲು ಹೋದ ಹಕ್ಕಿ

ಡಾಕ್ಟರ್ ಸರೋಜಮ್ಮನ ಮುಂದೆ ಯಾವುದನ್ನಾದರೂ ‘ಚೆನ್ನಾಗಿದೆ’ ಎಂದರೆ ಮುಗಿಯಿತು. “ಅದು ರೋಗಿ ಬಂದು ಬರೀ ‘ನೋವು’ ಅಂದ ಹಾಗೆ. ಎಲ್ಲಿ? ಹೇಗೆ? ಅದನ್ನ ಹೇಳ್ರೀ,” ಎನ್ನುತ್ತಿದ್ದರು. ನಾನು ಮಾಡಿದ ಹುಳಿಗೂ ಅದೇ ವಿಚಾರಣೆ.

ನಾನು ಅಮೆರಿಕದ ಪೊವೇ ಎಂಬ ಊರಿಗೆ, ಮಗಳ ಮನೆಗೆ ಬಂದಾಗ ಅವರು ಎದುರು ಮನೆಯಲ್ಲಿದ್ದರು. ಮೈಸೂರಿನವರು, ಮದುವೆಯಾದವರಲ್ಲ, ಸ್ಯಾನ್ ಡಿಯೇಗೋದಲ್ಲಿ ಮಕ್ಕಳ ಡಾಕ್ಟರಾಗಿದ್ದು ರಿಟೈರ್ ಆಗಿದ್ದರು. ನನ್ನದು ನಾಲ್ಕನೇ ಕ್ಲಾಸು. ಆದರೂ ಹೊಂದಿಕೊಂಡೆವು. ಸುಮ್ಮನೆ ಹೊಗಳುವುದು ಇಬ್ಬರಿಗೂ ಬರುತ್ತಿರಲಿಲ್ಲ.

ವಯಸ್ಸು ಎಂಬತ್ತು ದಾಟಿದ ಮೇಲೆ ಅವರ ಕಣ್ಣು ಕೆಟ್ಟಿತು. ನಡುವೆ ಮಬ್ಬು, ಅಂಚಿನಲ್ಲಷ್ಟೇ ಬೆಳಕು. ಔಷಧಿಯಿಲ್ಲವೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಅವರ ಶಾಲೆಯ ಗೋಡೆಯ ಮೇಲೆ ಪಫಿನ್ ಎಂಬ ಕಡಲಹಕ್ಕಿಯ ಚಿತ್ರವಿತ್ತಂತೆ. ಪೂರ್ತಿ ಕತ್ತಲಾಗುವ ಮೊದಲು ಅದನ್ನು ಜೀವಂತ ನೋಡಬೇಕೆಂದು ಸ್ಕಾಟ್ಲೆಂಡಿನ ದ್ವೀಪಗಳನ್ನು ಸುತ್ತುವ ಹಡಗಿಗೆ ಬುಕ್ ಮಾಡಿದರು.

“ಗೌರಮ್ಮ, ನೀವೂ ಬನ್ನಿ. ನಿಮಗೆ ಇಂಗ್ಲಿಷ್ ಬರಲ್ಲ, ನನಗೆ ಕಣ್ಣು ಕಾಣಲ್ಲ. ಇಬ್ರೂ ಸೇರಿದ್ರೆ ಒಬ್ಬ ಟೂರಿಸ್ಟ್ ಆಗ್ತೀವಿ.”

ಲಾಸ್ ಏಂಜಲಿಸ್‌ನಿಂದ ವಿಮಾನ ಹತ್ತಿದೆವು. ಹಡಗು ನಿಂತಲ್ಲೆಲ್ಲ ಒಂದು ಕೋಟೆ. ಗೈಡ್ ಹೇಳಿದ್ದನ್ನು ಅವರು ನನಗೆ ಕನ್ನಡದಲ್ಲಿ ಹೇಳುವುದು, ಕಂಡದ್ದನ್ನು ನಾನು ಅವರಿಗೆ ಹೇಳುವುದು.

“ಇಲ್ಲಿ ಪಾಳೆಯಗಾರ ನೂರಾರು ಜನಕ್ಕೆ ಊಟ ಹಾಕ್ತಿದ್ನಂತೆ.”

“ಹಾಕಿರಬಹುದು. ಈಗ ಸೂರಿಲ್ಲ. ಒಲೆಯೊಳಗೆ ಒಂದು ಕುರಿ ಮಲಗಿದೆ.”

“ಬಿಳಿಯೋ, ಕಪ್ಪೋ?”

“ಮುಖ ಕಪ್ಪು. ನಿಮ್ಮನ್ನೇ ನೋಡ್ತಿದೆ.”

ಬಂಡೆಗಳ ಮೇಲೆ ಸೀಲ್‌ಗಳು ಮದುವೆ ಊಟ ಮುಗಿಸಿದ ಬೀಗರಂತೆ ಬಿದ್ದುಕೊಂಡಿವೆ ಎಂದಾಗ ಬಹಳ ಹೊತ್ತು ನಕ್ಕರು.

ಪಫಿನ್‌ಗಳಿರುವ ದ್ವೀಪಕ್ಕೆ ಚಿಕ್ಕ ದೋಣಿಯಲ್ಲಿ ಕರೆದೊಯ್ದರು. ಎಲ್ಲರೂ ಕೂಗಿದರು. ಪಕ್ಕದಲ್ಲಿದ್ದ ಬಿಳಿಯ ಹೆಂಗಸು, ಕಂಡಿತಲ್ಲವೇ ಎಂದು ಇವರ ಬೆನ್ನು ಸವರಿದಳು. ಸರೋಜಮ್ಮ ಹೌದೆಂದು ತಲೆಯಾಡಿಸಿದರು.

“ಅದು ಬರೀ ಕಲ್ಲು ರೀ. ಹಕ್ಕಿ ಈ ಕಡೆ ಇದೆ,” ಎಂದು ಗಲ್ಲ ಹಿಡಿದು ತಿರುಗಿಸಿದೆ. ಹಕ್ಕಿ ಎರಡು ಮಾರು ದೂರದಲ್ಲಿತ್ತು. ಅವರು ಕತ್ತು ಓರೆ ಮಾಡಿ ನೋಡಿದರು.

“ಕಾಣ್ತಾ?”

“ಏನೋ ಅಲ್ಲಾಡ್ತು. ಅಷ್ಟೇ.” ಕಿವಿಯನ್ನು ನನ್ನ ಕಡೆ ತಿರುಗಿಸಿ, “ಹೇಳಿ,” ಎಂದರು.

“ಗೇಣಿಗಿಂತ ಚೂರು ಎತ್ತರ. ಬೆನ್ನಿಗೆ ಕರಿ ಕೋಟು, ಹೊಟ್ಟೆ ಬಿಳಿ. ಕೊಕ್ಕು ಚನ್ನಪಟ್ಟಣದ ಗೊಂಬೆಗೆ ಬಣ್ಣ ಬಳಿದ ಹಾಗಿದೆ. ಕಣ್ಣು ಈಗಷ್ಟೇ ಅತ್ತು ಮುಗಿಸಿದವರ ಥರ. ಬಾಯಲ್ಲಿ ಸಾಲಾಗಿ ಮೀನು.”

“ಎಷ್ಟು?”

“ಎಣಿಸೋಕೆ ಅದು ನಿಲ್ಲಬೇಕಲ್ಲ!”

ಅವರು ಅಳಲಿಲ್ಲ. ಹಡಗಿಗೆ ಮರಳಿದ ಮೇಲೆ ಎರಡು ಕಪ್ ಕಾಫಿ ಕುಡಿದರು.

ಕೊನೆಯ ಸಲ ನಾವು ಅವರ ಮನೆಗೆ ಹೋದಾಗ ಅವರಿಗೆ ಬೆಳಕೂ ತಿಳಿಯುತ್ತಿರಲಿಲ್ಲ. ನನ್ನ ಮೊಮ್ಮಗಳು ಇಂಗ್ಲಿಷಿನಲ್ಲಿ, ನೀವು ಆ ಹಕ್ಕಿಯನ್ನು ನೋಡಿದಿರಾ ಎಂದಳು. ಅಷ್ಟು ಇಂಗ್ಲಿಷು ಅಷ್ಟರಲ್ಲಿ ನನಗೂ ಬಂದಿತ್ತು.

“ನಿಮ್ಮಜ್ಜಿ ನೋಡಿದ್ರು. ನಾನು ಇಟ್ಕೊಂಡೆ,” ಎಂದರು ಕನ್ನಡದಲ್ಲಿ.

ಅದು ಹೇಗೆ ಹಾರುತ್ತಿತ್ತು ಎಂದು ಹುಡುಗಿ ನನ್ನನ್ನು ಕೇಳಿದಳು. ನನಗೆ ಮರೆತಿತ್ತು.

“ಬೆಂಕಿ ಬಿದ್ದ ಮನೆಯಿಂದ ಓಡೋರ ಹಾಗೆ ರೆಕ್ಕೆ ಬಡೀತಿತ್ತು ಅಂದ್ರಲ್ಲ ಗೌರಮ್ಮ, ನೀವೇ!” ಎಂದು ಗದರಿದರು.

ಆ ಚಳಿಗಾಲದಲ್ಲೇ ತೀರಿಕೊಂಡರು. ಅಂದು ದೋಣಿಯಲ್ಲಿ ಇನ್ನೂ ಏನೇನೋ ಹೇಳಿದ್ದೆ. ಅದು ಯಾವುದೂ ನನಗೆ ನೆನಪಿಲ್ಲ.